ಮೂರು ಬೆರಳಿನ ಕೈಗವಸು

ಜುಲೈ. ಗೌಲ್ಬರ್ನಿನ ಹುಲ್ಲಿಗೆಲ್ಲ ಯಾರೋ ಉಪ್ಪು ಚೆಲ್ಲಿದ ಹಾಗೆ.
ಕಾಂಕ್ರೀಟಿನ ದೊಡ್ಡ ಟಗರು
ಒಂದೆಳೆ ಉಣ್ಣೆಯನ್ನೂ ಕೊಡದೆ
ಊರಿಗೆಲ್ಲ ಹೆಸರು ತಂದುಕೊಟ್ಟು ನಿಂತಿದೆ.
ಚರ್ಚಿನ ಹಿಂದೆ, ತಿಂಗಳಿಗೊಂದು ಶನಿವಾರ,
ಮಡಚುವ ಮೇಜಿನ ಮೇಲೆ ನನ್ನ ಅಂಗಡಿ:
ಕಿವಿ ಮುಚ್ಚುವ ಟೋಪಿ ಒಂಬತ್ತು,
ಸಾಸಿವೆ ಬಣ್ಣದ ಸ್ಕಾರ್ಫು,
ಕೀ ಗೊಂಚಲಿಗೆ ಜೋತುಬಿಡಲು ಹಸಿರು ಮುಳಗಾಯಿ.
ಇಲ್ಲಿಯವರು ಪೇರ್ ಹಣ್ಣೆಂದು ಕೊಳ್ಳುತ್ತಾರೆ.
ನಾನು ತಿದ್ದುವುದಿಲ್ಲ.

ಕ್ಲೆಮ್ ಕಿನ್ಸೆಲ ಬಂದದ್ದು ಸಂತೆ ಎತ್ತುವ ಹೊತ್ತಿಗೆ.
ಎಲ್ಲವನ್ನೂ ಎಡಗೈಯಲ್ಲೇ ಮುಟ್ಟಿ ನೋಡಿದ.
ಬಲಗೈ ಕೋಟಿನ ಜೇಬಲ್ಲಿ,
ಸಾಲಗಾರನ ಕಣ್ಣು ತಪ್ಪಿಸಿದವರ ಹಾಗೆ.

"ಗ್ಲೌಸು ಹಾಕಿಕೊಡ್ತೀಯಾ?"
"ಹಾಕಿಕೊಡ್ತೀನಿ."
"ಇದಕ್ಕೆ?"

ಹೆಬ್ಬೆರಳು, ತೋರುಬೆರಳು, ನಡುಬೆರಳು,
ಆಮೇಲೆ ನಯವಾಗಿ ಮಾಗಿದ ಒಂದು ಇಳಿಜಾರು.
ಕುರಿ ಕತ್ತರಿಸುವ ಕೊಟ್ಟಿಗೆ, ಅರವತ್ತೊಂಬತ್ತನೇ ಇಸವಿ,
ಮೂಟೆ ಒತ್ತುವ ಯಂತ್ರ.
"ಉಣ್ಣೆಯಿಂದ ನನಗೆ ಎರಡು ಬೆರಳು ಬಾಕಿ ಬರಬೇಕು"
ಎಂದು ನಕ್ಕ.
ಅಂಗಡಿಯ ಗ್ಲೌಸಿನ ಆ ಎರಡು ಖಾಲಿ ಚೀಲ
ಹೆಂಡತಿ ಒಳಕ್ಕೆ ಮಡಚಿ ಪಿನ್ನು ಚುಚ್ಚುತ್ತಿದ್ದಳಂತೆ.
ಚುಚ್ಚುತ್ತಿದ್ದಳು.
ಉಂಗುರದ ಮಾತು ನಾನು ಕೇಳಲಿಲ್ಲ.

ಖಾಕಿ ಕಾಗದದ ಮೇಲೆ ಅಂಗೈ ಇಡಿಸಿ
ಸುತ್ತ ಪೆನ್ಸಿಲ್ ಎಳೆದೆ.
ಇಳಿಜಾರಿಗೆ ಬಂದಾಗ ಕೈ ಅದುರಿತು.
"ನೋವಾ?"
"ಕಚಗುಳಿ."

ಪುಸ್ತಕದ ನಮೂನೆಗಳಲ್ಲಿ ಎಲ್ಲರಿಗೂ ಐದೇ ಬೆರಳು.
ಐದೂ ಸಮ ಇರೋದಿಲ್ಲ ಅನ್ನುವ ನಮ್ಮ ಗಾದೆಗೂ
ಲೆಕ್ಕಕ್ಕೆ ಐದೇ ಬೇಕು.
ಮೊದಲ ರಾತ್ರಿ ಎರಡು ಮೋಟು ಬೆರಳು ಹಾಕಿ ಮುಚ್ಚಿದೆ:
ಬಾಯಿಗೆ ಬಿರಡೆ ಹಾಕಿದ ಸೀಸೆ. ಬಿಚ್ಚಿದೆ.
ಎರಡನೆಯದು ಸುರುಕು ಹಿಡಿದು
ಹೊಲಿಗೆ ಹಾಕಿದ ಗಾಯದಂತೆ ಮುಖ ಗಂಟಿಕ್ಕಿತು. ಬಿಚ್ಚಿದೆ.
ಧಾರವಾಡದ ಕ್ರೋಶಾ ಕ್ಲಾಸಿನ ಮಂದಾಕಿನಿ ಟೀಚರ್
ಫ್ರಿಜ್ಜಿನ ಮೇಲಿನ ಹಾಸು, ಬಾಗಿಲ ತೋರಣ
ಬಿಟ್ಟು ಬೇರೇನೂ ಕಲಿಸಿದವರಲ್ಲ. ಒಂದು ಮಾತು ಮಾತ್ರ:
"ಬಿಚ್ಚಾಕ ಬಂದ್ರನ ತಂಗಿ, ಹಾಕಾಕ ಬಂದ್ಹಂಗ."
ಮೂರನೆಯದನ್ನೂ ಬಿಚ್ಚಿದೆ.

ಆಗ ಕಂಡದ್ದು ನನ್ನ ಎಡಗೈ:
ನೂಲು ಸುತ್ತಿಕೊಂಡು ಬಿಗಿ ಕಾಯುವುದು
ಯಾವತ್ತೂ ಆ ಕಿರುಬೆರಳೇ.
ಕಡ್ಡಿ ಕೆಳಗಿಟ್ಟೆ.
ಬಲಗೈಯ ಕೊನೆಯೆರಡು ಬೆರಳು ಮಡಚಿ
ಟೇಪು ಸುತ್ತಿಕೊಂಡು ಚಹಾ ಮಾಡಿದೆ.
ಸೋಸುವಾಗ ಅರ್ಧ ಕಟ್ಟೆಯ ಮೇಲೆ.
ಅಂಗಿಯ ಗುಂಡಿಗೆ ಎಷ್ಟೋ ಹೊತ್ತು.
ಗಾಳಿ ತಾಗುವುದು ಎಲ್ಲಿ ಅಂತ
ಹಿತ್ತಲ ಬಾಗಿಲು ತೆಗೆದು ನಿಂತಾಗ ಗೊತ್ತಾಯಿತು.

ನಾಲ್ಕನೆಯ ಸಲ ಮಣಿಕಟ್ಟಿನಿಂದ ಏರಲಿಲ್ಲ.
ಇಳಿಜಾರಿನ ನೆತ್ತಿಯಲ್ಲೇ ಹನ್ನೊಂದು ಸರಪಳಿ ಹಾಕಿ
ಸುತ್ತಿಗೆರಡು ಕುಣಿಕೆ ಹೆಚ್ಚಿಸುತ್ತ
ಕೆಳಕ್ಕಿಳಿದೆ, ಮಳೆನೀರು ಇಳಿಯುವ ದಾರಿಯಲ್ಲೇ.
ಎರಡೆಳೆ ಸೇರಿಸಿ ಆ ಜಾಗ ಮಾತ್ರ ದಪ್ಪ.
ಕೂತಿತು,
ದಿಬ್ಬದ ಮೇಲೆ ಕುರಿ ಕೂತ ಹಾಗೆ.
ಎಡಗೈಯದು ಒಂದೇ ಸಂಜೆಗೆ ಮುಗಿಯಿತು, ಬೇಜಾರಿನ ಕೆಲಸ.

ಆಗಸ್ಟಿನ ಶನಿವಾರ ಹಾಕಿಕೊಂಡು ನೋಡಿದ.
ಮುಷ್ಟಿ ಕಟ್ಟಿದ, ಬಿಟ್ಟ, ಮತ್ತೆ ಕಟ್ಟಿದ.
"ಎರಡು ಬೆರಳು ಕಮ್ಮಿ. ದುಡ್ಡೂ ಕಮ್ಮಿ ತಾನೇ?"
"ಜಾಸ್ತಿ" ಎಂದೆ. "ಐದು ಹಾಕೋದು ಯಾರಿಗಾದರೂ ಬರುತ್ತೆ."
ಎಡಗೈ ಜೇಬಿಗಿಳಿಸಿ
ಬಲಗೈಯಲ್ಲಿ ನೋಟು ಎಣಿಸಿದ, ನಿಧಾನ,
ಹಿಂದೆ ಸಾಲಿನಲ್ಲಿ ಇಬ್ಬರು ಕಾಯುತ್ತಿದ್ದರೂ.
ಹೊರಟವನು ತಿರುಗಿ, ಉಣ್ಣೆಯ ಬೆರಳಿನಿಂದಲೇ
ಗೊಂಚಲೊಂದನ್ನು ಎತ್ತಿ ಕೇಳಿದ:
"ಈ ಪೇರ್ ಹಣ್ಣಿಗೆಷ್ಟು?"

"ಅದು ಮುಳಗಾಯಿ" ಎಂದೆ.